ನಾಯಕರು ಆಡಿದ ಮಾತೆಲ್ಲ

ಪಕ್ಷದ ಕಚೇರಿಯಲ್ಲಿ ಅವಳನ್ನು ಎಲ್ಲರೂ ಗೀಟಕ್ಕ ಎನ್ನುತ್ತಿದ್ದರು. ನಾಯಕರು ಮಾತಿಗೆ ನಿಂತ ಕಡೆಯೆಲ್ಲ ಪಕ್ಕದಲ್ಲಿ ಕೂತು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ಇಪ್ಪತ್ತಾರು ವರ್ಷಗಳಿಂದ ಅವಳ ಕೆಲಸ. ಆ ಸೊಟ್ಟಪಟ್ಟ ಗೀಟುಗಳನ್ನು ಓದಬಲ್ಲವರು ಅಲ್ಲಿ ಇನ್ನೊಬ್ಬರಿರಲಿಲ್ಲ.

"ಕೋಳಿ ಕೆದರಿದ ಹಾಗಿದೆಯಲ್ಲಕ್ಕ" ಎಂದು ಕಾರ್ಯದರ್ಶಿ ಛೇಡಿಸಿದರೆ, "ನಿಮ್ಮ ಮಾತನ್ನೂ ಕೆದರಿಟ್ಟಿದೆ, ಹುಷಾರು" ಎನ್ನುತ್ತಿದ್ದಳು.

ಬರೆಯುವಾಗ ಅರ್ಥ ಅವಳನ್ನು ತಟ್ಟುತ್ತಲೇ ಇರಲಿಲ್ಲ. ಮಾತು ಕಿವಿಯಿಂದ ಇಳಿದು, ತೋಳಿನಲ್ಲಿ ಹರಿದು, ಪೆನ್ಸಿಲ್ಲಿನ ತುದಿಯಿಂದ ಹೊರಬೀಳುತ್ತಿತ್ತು. ಅವಳು ಮಾತ್ರ ನೀರಿನ ಅಡಿಯಲ್ಲಿ ಕೂತವಳಂತೆ ಎಲ್ಲೋ ಇರುತ್ತಿದ್ದಳು. ಏನು ಬರೆದೆನೆಂದು ತಿಳಿಯುತ್ತಿದ್ದುದು ಟೈಪ್ ಮಾಡುವಾಗಲೇ. ಟೈಪ್ ಆಗುತ್ತಿದ್ದುದು ವೇದಿಕೆಯ ಭಾಷಣಗಳು ಮಾತ್ರ. ಒಳಸಭೆಗಳದ್ದು ಕೊನೆಯ ತೀರ್ಮಾನವಷ್ಟೇ ಸಾಕಿತ್ತು. ಉಳಿದದ್ದು ನೋಟ್‌ಬುಕ್ಕಿನಲ್ಲೇ ನಿದ್ದೆಹೋಗುತ್ತಿತ್ತು.

ವೇದಿಕೆಯ ಮೇಲೆ ನಾಯಕರು, "ಹೆಣ್ಣು ಮಾತಾಡುವಾಗ ಬಾಯಿ ಮುಚ್ಚಿಕೊಂಡು ಕೇಳೋದನ್ನ ಗಂಡಸು ಮೊದಲು ಕಲೀಬೇಕು" ಎಂದರೆ ಮೈದಾನಕ್ಕೆ ಮೈದಾನವೇ ಚಪ್ಪಾಳೆ ತಟ್ಟುತ್ತಿತ್ತು. ಮನೆಯಲ್ಲಿ ಅವಳ ಅತ್ತೆ ಪೇಪರಿನಲ್ಲಿ ಬಂದ ಅವರ ಚಿತ್ರ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದರು. "ಇಂಥೋರು ನಮ್ಮ ಕಾಲದಲ್ಲಿ ಇರಬೇಕಿತ್ತು ಕಣೇ. ನಿಮ್ಮ ಮಾವನ ಕಿವಿ ಹಿಂಡೋರು" ಎಂದು ನಿಟ್ಟುಸಿರು ಬಿಡುತ್ತಿದ್ದರು.

ನಾಯಕರಿಗೆ ಎಪ್ಪತ್ತು ತುಂಬಿದ ವರ್ಷ ಅವರ ಹೆಸರಿನಲ್ಲೊಂದು ಪುಸ್ತಕ ತರುವುದೆಂದಾಯಿತು. ಕಾರ್ಯದರ್ಶಿ ಬಂದು, "ಹೆಂಗಸರ ಬಗ್ಗೆ ಅವರು ಆಡಿದ ಮಾತೆಲ್ಲ ತೆಗೆದು ಕೊಡಿ ಅಕ್ಕ. ಒಂದೂ ಬಿಡಬೇಡಿ" ಎಂದರು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಚೆಲ್ಲಿರುತ್ತಿತ್ತು. ಅವಳು ಒಂದೊಂದೇ ನೋಟ್‌ಬುಕ್ ಬಿಚ್ಚಿದಳು. ವೇದಿಕೆಯವು ಮುಗಿದ ಮೇಲೆ ಒಳಸಭೆಯವಕ್ಕೆ ಕೈಹಾಕಿದಳು. ಮಸುಕಾದ ಪೆನ್ಸಿಲ್ ಗೆರೆಗಳಿಂದ ಹಳೆಯ ದನಿಗಳು ಆವಿಯಂತೆ ಎದ್ದುಬಂದವು.

"ಫೋಟೋಗೆ ಮುಂದೆ ನಿಲ್ಲಮ್ಮ, ಸಭೇಲಿ ಹಿಂದೆ ಕೂರು."

"ಇವರಿಗೆ ಟಿಕೆಟ್ ಕೊಟ್ಟರೆ ಇವರ ಯಜಮಾನರಿಗೆ ಅನ್ನ ಹಾಕೋರ್ಯಾರು?"

ಸಭೆ ನಕ್ಕರೆ ಒಂದು ಪುಟ್ಟ ಸೊನ್ನೆ ಹಾಕುವುದು ಅವಳ ರೂಢಿ. ಪುಟದ ತುಂಬ ಸೊನ್ನೆಗಳು ನೀರ್ಗುಳ್ಳೆಗಳಂತೆ ತೇಲುತ್ತಿದ್ದವು.

ಒಂದು ಕಡೆ ಟೀಚರ್ ಇದ್ದರು. ಶಾಲೆಯ ಕೆಲಸ ಬಿಟ್ಟು ಪಕ್ಷಕ್ಕೆ ಬಂದ ಸಮಿತಿಯ ಸದಸ್ಯೆ. ದುಡಿಯುವ ತಾಯಂದಿರ ಕೂಸುಗಳಿಗೆ ಬೀದಿಗೊಂದು ಶಿಶುಮನೆ ಬೇಕು ಎಂದು ಅವರು ವಿವರಿಸುತ್ತಿದ್ದಾಗ ನಾಯಕರು, "ಇದು ನಿಮ್ಮ ಕ್ಲಾಸಲ್ಲ ಟೀಚರ್, ಕೂತ್ಕೊಳಿ" ಎಂದಿದ್ದರು. ಸೊನ್ನೆ. ಮೂರು ವಾರ ಕಳೆದು ಅದೇ ಶಿಶುಮನೆಯನ್ನು ವೇದಿಕೆಯಲ್ಲಿ ತಮ್ಮದೇ ಕನಸೆಂದು ಹೇಳಿ ಹೆಸರು ಮಾಡಿದ್ದರು.

ಮತ್ತೊಂದು ಪುಟದಲ್ಲಿ ಯಾರೋ, ಅಕ್ಕ ಬರೆದುಕೊಳ್ತಾ ಇದ್ದಾರೆ ಎಂದು ಎಚ್ಚರಿಸಿದ್ದಕ್ಕೆ ನಾಯಕರು, "ಅವಳಾ? ಅವಳು ಕುರ್ಚಿ ಇದ್ದ ಹಾಗೆ. ಮಾತಾಡಿ, ಮಾತಾಡಿ" ಎಂದಿದ್ದರು. ಅದರ ಮುಂದೆಯೂ ಸೊನ್ನೆ. ತನ್ನ ಕೈಯೇ ಬರೆದದ್ದು. ಇಷ್ಟು ವರ್ಷ ತನಗೇ ಗೊತ್ತಿರಲಿಲ್ಲ. ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಹೋಗುವವರೆಗೂ ಅವಳು ಆ ಸಾಲನ್ನೇ ಮತ್ತೆ ಮತ್ತೆ ಓದಿದಳು. ಆಮೇಲೆ ಅದನ್ನೂ ಟೈಪ್ ಮಾಡಿದಳು.

ಹಾಳೆಗಳು ಕೈಸೇರಿದ ಮರುದಿನ ನಾಯಕರು ಕರೆಸಿದರು.

"ಇದೇನಮ್ಮ ಇದು?"

"ನಿಮ್ಮ ಮಾತು ಸಾರ್. ಒಂದೂ ಬಿಡಬೇಡಿ ಅಂದಿದ್ರು."

"ನಾನು ಹೀಗೆಲ್ಲ ಅಂದೇ ಇಲ್ಲ."

"ಅಂದಿದ್ದೀರಿ. ತಾರೀಖು ಹಾಕಿದ್ದೀನಿ."

ಅವರು ಪುಟ ಮಗುಚುತ್ತ ಹೋದರು. ದನಿ ಮೆತ್ತಗಾಯಿತು. "ಎಲ್ಲ ನಮ್ಮ ಮನೆಯವರೇ ಅಂತ ಸಲಿಗೆಯಿಂದ ಆಡಿದ್ದಪ್ಪ."

"ನಾನೂ ಮನೆಯವಳೇ ಅಂದ್ಕೊಂಡಿದ್ದೆ ಸಾರ್, ಟೈಪ್ ಮಾಡೋವರೆಗೂ."

ಪುಸ್ತಕ ಬಂತು, ವೇದಿಕೆಯ ಮಾತುಗಳಷ್ಟೇ ತುಂಬಿಕೊಂಡು. ಅವಳನ್ನು ಕೆಳಗಿನ ಅಂತಸ್ತಿನ ಹಳೆ ಪೇಪರಿನ ಕೋಣೆಗೆ ಹಾಕಿದರು. ಯಾರಿಗೂ ಓದಲು ಬಾರದ ನೋಟ್‌ಬುಕ್ಕುಗಳನ್ನೂ ಅವಳ ಹಿಂದೆಯೇ ಸಾಗಹಾಕಿದರು.

ಕೆಲವು ದಿನಗಳ ಮೇಲೆ ಟೀಚರ್ ಆ ಕೋಣೆಗೆ ಬಂದರು. ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿತ್ತು. ಬಾಗಿಲಲ್ಲೇ ನಿಂತು ಕೇಳಿದರು:

"ಶಿಶುಮನೆ ವಿಚಾರ ಮೊದಲು ಹೇಳಿದ್ದು ನಾನೇನಾ ಅಕ್ಕ? ಎಲ್ಲರೂ ಅವರದ್ದು, ಅವರದ್ದು ಅಂತಾರೆ. ಒಂದೊಂದ್ಸಲ, ನಾನೇ ಹೇಳಿದೆ ಅಂತ ಕನಸು ಕಂಡೆನೇನೋ ಅನ್ಸುತ್ತೆ."

ಗೀಟಕ್ಕ ಪುಟ ಹುಡುಕಿ ತೆಗೆದು, ತಾರೀಖಿನಿಂದ ಹಿಡಿದು ಓದಿದಳು. ಟೀಚರ್ ಕಣ್ಣು ಮುಚ್ಚಿ ಕೇಳಿದರು. ತಮ್ಮದೇ ಮಾತು ಇನ್ನೊಬ್ಬಳ ದನಿಯಲ್ಲಿ ತಿರುಗಿ ಬರುತ್ತಿತ್ತು.

"ಇನ್ನೊಂದ್ಸಲ ಓದಿ."

ಮರುವಾರ ಅವರು ಸಮಿತಿಯ ಇನ್ನಿಬ್ಬರು ಸದಸ್ಯೆಯರನ್ನು ಕರೆತಂದರು. ಮಳೆಗಾಲ ಕಳೆಯುವಷ್ಟರಲ್ಲಿ ಐವರಾದರು. ಸಮಿತಿಯ ಸಭೆಯಲ್ಲಿ ಐವರೂ ಎದ್ದು ನಿಂತು, ಗೀಟಕ್ಕ ತಾರೀಖು ಸಮೇತ ಟೈಪ್ ಮಾಡಿಕೊಟ್ಟ ಹಾಳೆಗಳನ್ನು ಮೇಜಿನ ಮೇಲಿಟ್ಟು, ಇದು ದಾಖಲೆಗೆ ಸೇರಲಿ ಎಂದರು. ಆ ದಿನ ಯಾರೂ ನಗಲಿಲ್ಲ. ಶಿಶುಮನೆಯ ಕಡತದಲ್ಲಿ ಟೀಚರ್ ಹೆಸರು ಬಂತು. ಬೇರೇನೂ ದೊಡ್ಡದಾಗಿ ಬದಲಾಗಲಿಲ್ಲ. ನಾಯಕರ ಭಾಷಣಗಳು ಮೊದಲಿನಂತೆಯೇ ನಡೆದವು.

ಗೀಟಕ್ಕ ನಿವೃತ್ತಳಾಗುವವರೆಗೂ ಕೆಳಗಿನ ಕೋಣೆಯಲ್ಲೇ ಇದ್ದಳು. ಮಂಗಳವಾರ ಮಧ್ಯಾಹ್ನ ಆ ಐವರಿಗೆ ಶೀಘ್ರಲಿಪಿ ಕಲಿಸುತ್ತಿದ್ದಳು. ಎಲ್ಲರಿಗಿಂತ ಬೇಗ ಕಲಿತವರು ಟೀಚರ್.