ಚುಕ್ಕಿಗೆರೆಯ ಮೇಲಿನ ಅಪ್ಪಂದಿರು

ಮಗಳ ಹೈಸ್ಕೂಲಿನ ಅರ್ಜಿ ನಮೂನೆ ಬೆಳಗಿನಿಂದ ನನ್ನ ಮೇಜಿನ ಮೇಲೆ ಬಿದ್ದುಕೊಂಡಿದೆ. ಅದರಲ್ಲಿ ‘ತಂದೆಯ ಹೆಸರು’ ಎಂಬ ಮಾತಿನ ಮುಂದೆ ಚುಕ್ಕಿಗಳ ಒಂದು ಸಾಲು. ಆ ಸಾಲು ನನ್ನ ಹೆಬ್ಬೆರಳಿಗಿಂತ ಗಿಡ್ಡ. ಹೊನ್ನೂರು ಮಾದಪ್ಪನವರ ಮಗ ಮಹದೇವಸ್ವಾಮಿ, ಬಿ.ಎ. ಎಂಬ ನನ್ನ ಸಕಲ ಐಶ್ವರ್ಯವನ್ನು ಅಲ್ಲಿ ತುರುಕಹೊರಟರೆ ಬಿ.ಎ. ಎಂಬುದು ಪಕ್ಕದ ‘ಜಾತಿ’ಯ ಅಂಗಳಕ್ಕೆ ಕಾಲು ಚಾಚುತ್ತದೆ. ನೀವೂ ಇಂಥ ಕಾಗದಗಳನ್ನು ತುಂಬಿದವರೇ ಆಗಿರುವುದರಿಂದ ನನ್ನ ಕೋಪ ನಿಮಗೆ ಅರ್ಥವಾದೀತು. ಚುಕ್ಕಿ ಇಡುವವನ ಕಣ್ಣಿಗೆ ಲೋಕದ ಮನುಷ್ಯರೆಲ್ಲ ಒಂದೇ ಅಳತೆಯವರು. ಅವನ ಪ್ರಕಾರ ಎಲ್ಲರ ಹೆಸರೂ ರಾಮ, ಎಲ್ಲರ ಊರೂ ಊರು, ‘ಷರಾ’ ಎಂಬ ಖಾನೆಯಲ್ಲಿ ಬರೆಯುವಂಥದ್ದು ಯಾರ ಬಾಳಿನಲ್ಲೂ ನಡೆಯುವುದೇ ಇಲ್ಲ.

ಬೈಯುವ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಒಂದು ಕಾಲದಲ್ಲಿ ನಾನೂ ಈ ಚುಕ್ಕಿದೇವರ ಪೂಜಾರಿಯಾಗಿದ್ದೆ, ಅದೂ ಸಾಮಾನ್ಯ ಪೂಜಾರಿಯಲ್ಲ, ಪದವೀಧರ ಪೂಜಾರಿ.

ನಮ್ಮ ವಂಶದಲ್ಲಿ ಅಕ್ಷರವನ್ನು ಮೊದಲು ಮುಟ್ಟಿದವನು ನಾನು. ಅಪ್ಪ ಕಂಡವರ ಗದ್ದೆಯಲ್ಲಿ ನೊಗ ಹೂಡಿದವನು. ನಾನು ಹೊನ್ನೂರಿನಿಂದ ಯಳಂದೂರಿಗೆ ಬರಿಗಾಲಿನಲ್ಲಿ ನಡೆದು, ಮೈಸೂರಿನಲ್ಲಿ ವಾರಾನ್ನ ಉಂಡು, ಒಂದೇ ಅಂಗಿಯನ್ನು ಎರಡು ದಿನಕ್ಕೊಮ್ಮೆ ಒಗೆದುಕೊಂಡು ಬಿ.ಎ. ಮಾಡಿದವನು. ಊರಿಗೆ ಬಂದ ದಿನ ಅಪ್ಪ ಎತ್ತಿನ ಮೈ ತಿಕ್ಕುತ್ತ ಕೇಳಿದ: “ಇನ್ನೇನಾರ ಓದಾದು ಉಳ್ದದಾ ಮಗ?” ನಾನು ಎದೆ ಸೆಟೆಸಿ, “ಏನೂ ಉಳಿದಿಲ್ಲ ಕಣಪ್ಪ, ಎಲ್ಲಾ ಮುಗೀತು” ಎಂದೆ. ಅಪ್ಪ ಎತ್ತಿಗೆ, “ಕೇಳ್ದೇನ್ಲಾ?” ಎಂದ. ನನ್ನ ಈ ಉತ್ತರವನ್ನು ನೀವು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಬೇಕು, ಅಪ್ಪನಂತೂ ಇಟ್ಟುಕೊಂಡಿದ್ದ.

ಐವತ್ತಾರರಲ್ಲಿ ರಾಜ್ಯಗಳನ್ನು ಮುರಿದು ಕಟ್ಟಿದಾಗ, ಅದುವರೆಗೆ ಮದರಾಸಿನ ಕಡೆ ಇದ್ದ ಕೊಳ್ಳೇಗಾಲ ನಮ್ಮ ಮೈಸೂರಿಗೆ ಸೇರಿತು. ಜನ ಇದ್ದಲ್ಲೇ ಇದ್ದರು, ಹೊಳೆ ಹರಿದಲ್ಲೇ ಹರಿಯಿತು. ಬದಲಾದದ್ದು ಕಚೇರಿಗಳ ಬೋರ್ಡು. ಅದಾದ ಸ್ವಲ್ಪ ಕಾಲಕ್ಕೆ ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ನಾನು ಗುಮಾಸ್ತನಾದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿ ನಮಗೆಲ್ಲ ಹಿರಿಯರಾಗಿದ್ದ ಸೂಪರಿಂಟೆಂಡೆಂಟರ ಹೆಸರನ್ನೂ ಹೇಳುವುದಿಲ್ಲ. ಮಾದರಿ ಮಹಾಶಯರು ಎಂದರೆ ಸಾಕು, ನಿಮ್ಮ ಊರಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಮಹಾಶಯರದು ಒಂದು ಅದ್ವೈತ ಸಿದ್ಧಾಂತ. ಕಚೇರಿಯ ಪುಸ್ತಕದಲ್ಲಿ ಖಾನೆಗಳಿವೆ, ಖಾನೆಗಳಲ್ಲಿ ಲೋಕವಿದೆ, ಆದ್ದರಿಂದ ಒಂದು ‘ತಾಯಿಕಾಗದ’ ಇದ್ದರೆ ಅದೇ ಖಾನೆಗಳಿಂದ ಎಷ್ಟು ಮರಿಕಾಗದಗಳನ್ನು ಬೇಕಾದರೂ ಹಾಕಿಸಬಹುದು. ಒಂದು ಪತ್ರವನ್ನು ಅವರು ಸ್ಟೆನ್ಸಿಲ್ ಮೇಲೆ ಕಡ್ಡಿಯಿಂದ ಕೊರೆಸುತ್ತಿದ್ದರು. ಹೆಸರು ಬರುವಲ್ಲಿ ಚುಕ್ಕಿಗೆರೆ, ಆ ಗೆರೆಯ ಕೆಳಗೆ ಪುಟ್ಟದೊಂದು ಅಂಕಿ. ಎರಡು ಎಂದಿದ್ದರೆ ಪುಸ್ತಕದ ಎರಡನೆಯ ಖಾನೆಯಲ್ಲಿರುವುದನ್ನು ಇಲ್ಲಿ ಬರೆ, ಮೂರು ಎಂದಿದ್ದರೆ ಮೂರನೆಯದನ್ನು. ಕಾಗದದ ಬಲಮೂಲೆಯಲ್ಲಿ ಮಾದರಿಯ ಸಂಖ್ಯೆ. ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುಗಿಸಿದರೆ ಗಬಗಬನೆ ನೂರಾರು ಪ್ರತಿ. “ನೀವು ಓದಬೇಕಾಗಿಲ್ಲ ಕಣ್ರೀ, ಅಂಕಿ ನೋಡಿ ತುಂಬಿದರೆ ಆಯಿತು,” ಎನ್ನುತ್ತಿದ್ದರು. ಓದುವುದಕ್ಕಾಗಿಯೇ ಹದಿನಾಲ್ಕು ವರ್ಷ ಸವೆಸಿದವನಿಗೆ ಇಂಥ ಮಾತು ಹೇಳಿದರೆ ಅವನು ಬಡಿದಾಡಬೇಕಿತ್ತು. ನಾನು ಹಲ್ಲು ಕಿರಿದೆ.

ಆ ವರ್ಷ ಮನೆಯಿಲ್ಲದವರಿಗೆ ನಿವೇಶನ ಮಂಜೂರಾಯಿತು. ಹನೂರಿನಿಂದ ಸತ್ತೇಗಾಲದವರೆಗೆ ಇನ್ನೂರು ಚಿಲ್ಲರೆ ಜನ. ಅವರ ಪಟ್ಟಿ ಹಳೆಯ ರಾಜ್ಯದ ಕಾಲದಲ್ಲೇ ತಯಾರಾಗಿದ್ದ ಒಂದು ದಪ್ಪ ಪುಸ್ತಕದಲ್ಲಿತ್ತು. ಒಳಗಿನ ಹೆಸರುಗಳನ್ನು ಊರ ಶಾನುಭೋಗರು ಕನ್ನಡದಲ್ಲಿ ಬರೆದಿದ್ದರೂ ಖಾನೆಗಳ ತಲೆಬರಹ ಮಾತ್ರ ಅಚ್ಚಾಗಿ ಬಂದ ತಮಿಳು. ಯಳಂದೂರು ಸೀಮೆಯವನಾದ ನನಗೆ ತಮಿಳಿನ ಒಂದಕ್ಷರ ಬಾರದು. ಪಕ್ಕದ ಮುಕ್ಕಾಲಿಯ ಮೇಲೆ ಕೂತಿದ್ದ ಜವಾನ ಪೊನ್ನುಸ್ವಾಮಿಗೆ ಬರುತ್ತಿತ್ತು. ಆದರೆ ಬಿ.ಎ. ಆದವನು ಜವಾನನನ್ನು ಕರೆದು ‘ಇದೇನಯ್ಯಾ ಬರೆದಿದೆ’ ಎಂದು ಕೇಳುವುದುಂಟೆ? ಮೇಲಾಗಿ ಅಂಕಿ ಇದೆಯಲ್ಲ! ನಿವೇಶನದ ಪತ್ರಕ್ಕೆಂದಿದ್ದ ಏಳನೆಯ ಮಾದರಿಯ ಚುಕ್ಕಿಗಳನ್ನು ನಾನು ಎರಡೇ ದಿನದಲ್ಲಿ ತುಂಬಿ ಬಿಸಾಡಿದೆ. ಮಹಾಶಯರು ನನ್ನ ವೇಗವನ್ನು ಮೆಚ್ಚಿ, ಮೂಲೆಯ ಏಳನ್ನು ನೋಡಿ, ಸರಸರನೆ ರುಜು ಮಾಡಿದರು.

ನಡೆದಿದ್ದ ಅನಾಹುತ ಇದು. ನಮ್ಮ ಮೈಸೂರಿನ ಪುಸ್ತಕಗಳಲ್ಲಿ ಎರಡನೆಯ ಖಾನೆ ಮನುಷ್ಯನದು, ಮೂರನೆಯದು ಅವನ ಅಪ್ಪನದು, ಹೆಂಗಸಾದರೆ ಗಂಡನದು. ಹಳೆಯ ಕೊಳ್ಳೇಗಾಲದ ಪುಸ್ತಕದಲ್ಲಿ ಅಪ್ಪ ಮೊದಲು, ಮಗ ಆಮೇಲೆ. ಹೀಗಾಗಿ ಇನ್ನೂರು ಕಾಗದಗಳಲ್ಲೂ ಅಪ್ಪ ಮಗನಿಗೆ ಮಗನಾಗಿ ಹುಟ್ಟಿದ್ದ, ನಿವೇಶನ ಆ ಅಪ್ಪನಿಗೇ ಮಂಜೂರಾಗಿ, ‘ಸದರಿಯವರು ಈ ತಿಂಗಳ ಕೊನೆಯೊಳಗೆ ಖುದ್ದಾಗಿ ಹಾಜರಾಗಿ ರುಜು ಹಾಕತಕ್ಕದ್ದು, ತಪ್ಪಿದಲ್ಲಿ ನಿವೇಶನವು ಪಟ್ಟಿಯ ಮುಂದಿನವರಿಗೆ ಸಲ್ಲತಕ್ಕದ್ದು’ ಎಂದು ಗದರಿಕೆಯೂ ಹೋಗಿತ್ತು. ಅಪ್ಪಂದಿರಲ್ಲಿ ಮುಕ್ಕಾಲು ಪಾಲು ಈ ಲೋಕದಲ್ಲಿರಲಿಲ್ಲ, ಉಳಿದವರು ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ.

ಅದು ಮಹಾಲಯದ ಪಕ್ಷ. ಸತ್ತೇಗಾಲದ ಒಂದು ಮನೆಯಲ್ಲಿ, ಸರ್ಕಾರವೇ ಹಿರೀಕರನ್ನು ನೆನೆದಿದೆಯಲ್ಲಾ ಎಂದು ಸಂತೋಷಪಟ್ಟು, ಎಡೆ ಇಡುವಾಗ ವಡೆ ಪಾಯಸದ ಪಕ್ಕದಲ್ಲಿ ಆ ಕಾಗದವನ್ನೂ ಇಟ್ಟು ಕೈಮುಗಿದರಂತೆ. ಇತ್ತ ಕಚೇರಿಗೆ ಯಾರೂ ಬಾರದ್ದನ್ನು ಕಂಡ ಮಹಾಶಯರು ಎಂಟನೆಯ ಮಾದರಿಯನ್ನು ಹೊರತೆಗೆದರು. ಅದು ಜ್ಞಾಪನಪತ್ರ. ಅದನ್ನೂ ನಾನೇ ತುಂಬಿದೆ, ಅವೇ ಅಂಕಿಗಳಿಂದ. ಸತ್ತವರಿಗೆ ‘ತಮ್ಮ ಬೇಜವಾಬ್ದಾರಿ ವಿಷಾದನೀಯ’ ಎಂದು ಬರೆದ ಪದವೀಧರ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಎರಡನೆಯ ಕಾಗದ ಕಂಡಮೇಲೆ ಬದುಕಿರುವವರಿಗೆ ದಿಗಿಲಾಗಿ ಒಬ್ಬೊಬ್ಬರೇ ಬಂದರು. ಅವರಲ್ಲಿ ಧನಗೆರೆಯ ಚಿಕ್ಕತಾಯಮ್ಮ ಒಬ್ಬಳು. ಗಂಡ ದೊಡ್ಡಸಿದ್ದಯ್ಯ ತೀರಿಕೊಂಡಮೇಲೆ ಯಾರದೋ ಕೊಟ್ಟಿಗೆಯ ಪಕ್ಕಕ್ಕೆ ಸೋಗೆ ಇಳಿಸಿಕೊಂಡು ಎರಡು ಹೆಣ್ಣುಮಕ್ಕಳೊಂದಿಗೆ ಬದುಕುತ್ತಿದ್ದವಳು. ದೀಪಾವಳಿಯೊಳಗೆ ಜಾಗ ಖಾಲಿ ಮಾಡೆಂದು ಕೊಟ್ಟಿಗೆಯ ಯಜಮಾನ ಹೇಳಿಯಾಗಿತ್ತು. ಅವಳು ಎರಡೂ ಕಾಗದಗಳನ್ನು ಮಹಾಶಯರ ಮೇಜಿನ ಮೇಲಿಟ್ಟಳು.

“ಕಾಗದದಲ್ಲಿ ಹೆಸರಿರುವವರು ಖುದ್ದಾಗಿ ಬರಬೇಕು.”

“ಅವ್ರು ಓಗಿ ಎಂಟು ವರ್ಸ ಆಯ್ತು ಸಾ.”

“ಎಲ್ಲಿಗೆ ಹೋಗಿದ್ದಾರೆ? ವಿಳಾಸ ಕೊಡಮ್ಮ, ಅಲ್ಲಿಗೇ ಬರೆಯೋಣ.”

“ಆ ಊರ್ಗೆ ಬಸ್ಸಿಲ್ಲ ಕಣ್ಸಾ,” ಎಂದಳು ಚಿಕ್ಕತಾಯಮ್ಮ. “ನಾಡಿದ್ದು ಅಮಾಸೆಗೆ ಎಡೆ ಇಕ್ತೀನಿ. ಬಂದ್ರೆ ಇಡ್ಕಂಡು ಕರ್ಕಬತ್ತೀನಿ. ಬರ್ನಿಲ್ಲ ಅಂದ್ರೆ ನನ್ ಮಕ್ಳ ತಲೆ ಮ್ಯಾಲೆ ಸೂರು ಯಾರ್ ಆಕ್ಕೊಟ್ಟಾರು, ನೀವೇ ಏಳಿ.”

ಸಾಲಿನಲ್ಲಿ ನಿಂತವರು ನಕ್ಕರು. ಅವಳು ನಗಲಿಲ್ಲ. ನಾನು ಆ ಕಾಗದ ತೆಗೆದುಕೊಂಡು, ನನ್ನದೇ ಅಕ್ಷರವನ್ನು ಮೊದಲ ಬಾರಿಗೆ ಓದಿದೆ. ‘ಶ್ರೀ ಚಿಕ್ಕತಾಯಮ್ಮನವರ ಮಗನಾದ ಶ್ರೀ ದೊಡ್ಡಸಿದ್ದಯ್ಯನವರಿಗೆ.’

ಅವಳು ಆಚೆ ಹೋದಮೇಲೆ ಮಹಾಶಯರಿಗೆ ವಿಷಯ ತಿಳಿಸಿದೆ. ಅವರು ಶಾಂತವಾಗಿ, “ಮಾದರಿ ಮಂಜೂರಾದದ್ದು. ಮಾದರಿಯಲ್ಲಿ ತಪ್ಪಿರಲಾರದು. ತಪ್ಪು ಪುಸ್ತಕದ್ದು, ಪುಸ್ತಕ ಹಳೆಯ ರಾಜ್ಯದ್ದು. ಖಾನೆ ಸರಿಪಡಿಸಿಕೊಡಿ ಅಂತ ಅವರಿಗೆ ಒಂದು ಪತ್ರ ಬರೆಯೋಣ,” ಎಂದರು. ಪತ್ರಕ್ಕೆ ಮಾದರಿ ಇರಲಿಲ್ಲವಾಗಿ ಅದನ್ನು ಬರೆಯಲೇ ಇಲ್ಲ. ನಾನು ಚಿಕ್ಕತಾಯಮ್ಮನಿಗೆ ಕೈಬರಹದಲ್ಲೊಂದು ನೆಟ್ಟಗಿನ ಕಾಗದ ಬರೆದು ಮಹಾಶಯರ ಮುಂದಿಟ್ಟೆ. ಅದರ ಮೂಲೆಯಲ್ಲಿ ಸಂಖ್ಯೆ ಇಲ್ಲವೆಂದು ರುಜು ಸಿಗಲಿಲ್ಲ. ತಿಂಗಳ ಕೊನೆಗೆ ಉಳಿದದ್ದು ಐದು ದಿನ.

ಕೊನೆಗೆ ಪುಸ್ತಕ ಹೊತ್ತುಕೊಂಡು ಮುಕ್ಕಾಲಿಯ ಹತ್ತಿರ ಹೋದೆ. ಪೊನ್ನುಸ್ವಾಮಿ ತಲೆಬರಹವನ್ನು ಬೆರಳಿಟ್ಟು ಓದಿದ: “ಎರಡ್ನೇದು ಅಪ್ಪ, ಮೂರ್ನೇದು ಆಳು. ಮೊದಲ್ನೇ ದಿಸಾನೇ ನಂಗೊತ್ತಿತ್ತು ಸಾ.”

“ಗೊತ್ತಿದ್ದೂ ಯಾಕಯ್ಯಾ ಹೇಳಲಿಲ್ಲ?”

“ನೀವು ಕೇಳ್ನಿಲ್ವಲ್ಲ. ಬೀಯೆ ಓದವ್ರೆ, ಇದ್ರಲ್ಲಿ ಬ್ಯಾರೆ ಏನೋ ಇಕ್ಮತ್ತು ಇರ್ಬೋದು ಅನ್ಕಂಡೆ.”

ನನ್ನ ಬಿ.ಎ.ಗೆ ಅಂಥ ಪ್ರಶಸ್ತಿಪತ್ರವನ್ನು ಯಾವ ವಿಶ್ವವಿದ್ಯಾನಿಲಯವೂ ಕೊಟ್ಟಿರಲಾರದು. ಉಪಾಯವನ್ನೂ ಅವನೇ ಹೇಳಿದ: “ಬುಕ್ಕ ತಿದ್ದಕ್ಕೆ ಆಗಾಕಿಲ್ಲ. ಕಾಗ್ದದಲ್ಲಿ ಚುಕ್ಕಿಗೆರೆ ಕೆಳ್ಗಡೆ ಅಂಕಿ ಐತಲ್ಲ, ಅದ ತಿದ್ರಿ.” ಮಧ್ಯಾಹ್ನ ಮಹಾಶಯರು ಊಟಕ್ಕೆ ಎದ್ದಾಗ ಏಳನೆಯ ಮಾದರಿಯ ಸ್ಟೆನ್ಸಿಲ್ ಬಿಡಿಸಿ, ಎರಡು ಮತ್ತು ಮೂರರ ಮೇಲೆ ತಪ್ಪು ಮುಚ್ಚುವ ಕೆಂಪು ಅರಗು ಸವರಿ, ಒಣಗಿದಮೇಲೆ ಎರಡಿದ್ದಲ್ಲಿ ಮೂರನ್ನೂ ಮೂರಿದ್ದಲ್ಲಿ ಎರಡನ್ನೂ ಕೊರೆದೆ. ಪೊನ್ನುಸ್ವಾಮಿ ಹಿಡಿಕೆ ತಿರುಗಿಸಿದ. ಈ ಸಲ ನಾನು ಪ್ರತಿಯೊಂದು ಹೆಸರನ್ನೂ ಬಾಯಿಬಿಟ್ಟು ಓದುತ್ತ ತುಂಬಿದೆ, ಮಹಾಶಯರು, “ಏನ್ರೀ ಇದು ಸಹಸ್ರನಾಮ?” ಎಂದರು. ಮೂಲೆಯ ಏಳು ನೋಡಿದರು, ರುಜು ಮಾಡಿದರು. ಇನ್ನೂರರಲ್ಲಿ ಒಂದನ್ನೂ ಓದಲಿಲ್ಲ. ಜೀವಮಾನದಲ್ಲಿ ನಾನು ಒಬ್ಬ ಮೂರ್ಖನಿಗೆ ಕೃತಜ್ಞನಾದದ್ದು ಆಗ ಮಾತ್ರ.

ಅಂಚೆಯನ್ನು ನಂಬುವಷ್ಟು ದಿನ ಉಳಿದಿರಲಿಲ್ಲ. ದೂರದ ಊರುಗಳ ಕಾಗದಗಳನ್ನು ಬಸ್ಸಿನ ಕಂಡಕ್ಟರುಗಳ ಕೈಲಿ ಕೊಟ್ಟು, ಹತ್ತಿರದವನ್ನು ನಾನೂ ಪೊನ್ನುಸ್ವಾಮಿಯೂ ಸೈಕಲ್ಲಿನಲ್ಲಿ ಹಂಚಿದೆವು. ಧನಗೆರೆಯಲ್ಲಿ ಚಿಕ್ಕತಾಯಮ್ಮ ಕಾಗದ ಈಸಿಕೊಂಡು, “ಈಗ್ಲಾರ ಯಾರ್ನ ಕರ್ದವ್ರೆ, ಓದೇಳಿ ಸಾ,” ಎಂದಳು. ಓದಿದೆ: ‘ಶ್ರೀ ದೊಡ್ಡಸಿದ್ದಯ್ಯನವರ ಮಗನಾದ ಶ್ರೀ ಚಿಕ್ಕತಾಯಮ್ಮನವರಿಗೆ.’ ಮಾದರಿಯಲ್ಲಿ ‘ಮಗ’ ಎಂದು ಅಚ್ಚಾಗಿತ್ತು. ಮನೆಯಿಲ್ಲದವರಲ್ಲಿ ಹೆಂಗಸರೂ ಇರಬಹುದೆಂಬುದು ಮಹಾಶಯರಿಗೂ ಹೊಳೆದಿರಲಿಲ್ಲ, ಅವಳನ್ನು ಕಣ್ಣಾರೆ ಕಂಡೂ ಅಂಕಿಯನ್ನಷ್ಟೇ ತಿದ್ದಿದ ನನಗೂ ಹೊಳೆದಿರಲಿಲ್ಲ.

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಕುಲುಕುಲು ನಕ್ಕಳು. “ಓದ್ಸಲ ನನ್ ಗಂಡ ನಂಗೇ ಮಗ ಆಗಿದ್ದ. ಈಸಲ ನಾನೇ ಅವಂಗೆ ಮಗ ಆಗೋದ್ನಾ? ಆಗ್ಲಿ ಬುಡಿ ಸಾ. ಬದ್ಕಿರೋರ್ ಎಸ್ರು ಬಂತಲ್ಲ, ಜಾಗ ನಂದಾದ್ರೆ ಸಾಕು.”

ಕೊನೆಯ ದಿನ ಅವಳು ಖುದ್ದಾಗಿ ಬಂದು ಹೆಬ್ಬೆಟ್ಟು ಒತ್ತಿದಳು. ‘ಶ್ರೀ’ ಎಂಬವನು ಕುಂಕುಮವಿಲ್ಲದ ಹಣೆಯ ಹೆಂಗಸಾಗಿ ಎದುರಿಗೆ ನಿಂತದ್ದನ್ನು ಕಂಡು ಮಹಾಶಯರು ಒಂದು ಗಳಿಗೆ ತಡವರಿಸಿ, ಮೂಲೆಯ ಏಳನ್ನು ನೋಡಿ ನಿಶ್ಚಿಂತರಾದರು.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಧೀರನಾಗಿಬಿಡುತ್ತಿದ್ದೆ. ಆದರೆ ಇಷ್ಟು ಸಲೀಸಾಗಿ ಕೆಲಸ ಮುಗಿಸಿದ ಏಳನೆಯ ಮಾದರಿಯ ಕೀರ್ತಿ ಹರಡಿ, ಅದೇ ಸ್ಟೆನ್ಸಿಲ್ಲು ಪಕ್ಕದ ಯಳಂದೂರು ಸೀಮೆಗೂ ಸವಾರಿ ಹೊರಟಿತು. ಅಲ್ಲಿಯವು ಹಿಂದಿನಿಂದಲೂ ಮೈಸೂರಿನ ಪುಸ್ತಕಗಳು: ಮನುಷ್ಯ ಮೊದಲು, ಅಪ್ಪ ಆಮೇಲೆ. ಕೊಳ್ಳೇಗಾಲಕ್ಕೆಂದು ನಾನು ಅದಲುಬದಲು ಮಾಡಿದ್ದ ಅಂಕಿಗಳು ಅಲ್ಲಿ ಮತ್ತೆ ಸತ್ತವರನ್ನೇ ಎಬ್ಬಿಸಿದವು. ಒಂದು ದಿನ ಅಪ್ಪ ಹೊನ್ನೂರಿನಿಂದ ಬಸ್ಸು ಹತ್ತಿ ನನ್ನ ಕಚೇರಿಯ ಬಾಗಿಲಿಗೇ ಬಂದ. ತಲೆವಸ್ತ್ರದ ಗಂಟಿನಲ್ಲಿ ಒಂದು ಕಾಗದ.

“ನಿಮ್ ತಾತಂಗೆ ಸರ್ಕಾರ್ದೋರು ಜಾಗ ಕೊಟ್ಟವ್ರಂತೆ ಕಣ್ಲಾ. ಪೋಸ್ಟ್‌ನೋನು ಓದೇಳ್ದ. ಅದ್ರಲ್ಲಿ ನಾನು ನಿಮ್ ತಾತಂಗೆ ಅಪ್ಪ ಅಂತೆ.” ನನ್ನ ಮುಖವನ್ನೇ ನೋಡುತ್ತ, ದನಿ ತಗ್ಗಿಸಿ ಕೇಳಿದ: “ಓದಾದು ಏನೂ ಉಳ್ದಿಲ್ಲ ಅಂದಿದ್ದಲ್ಲ ಮಗ?”

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಯಳಂದೂರಿಗೆ ಹೋಗಿ, ಅಲ್ಲಿನ ಗುಮಾಸ್ತನ ಎದುರು ತಪ್ಪೊಪ್ಪಿಕೊಂಡು, ಅಂಕಿಗಳನ್ನು ತಿರುಗಿ ಸರಿಮಾಡಿಸಿ ಬಂದೆ. ‘ಮಗ’ನ ಪಕ್ಕದಲ್ಲಿ ‘ಹೆಂಡತಿ’ಯನ್ನೂ ಸೇರಿಸಿದೆ. ಅಲ್ಲಿನವನು ನಕ್ಕ; ನಗಲಿ. ಲೋಕದ ಯಾವ ಖಾನೆಯಲ್ಲಿ ಯಾರಿದ್ದಾರೆಂದು ತಲೆಬರಹ ನೋಡದೆ ತುಂಬಿಸಿಕೊಳ್ಳುವ ತಾಯಿಕಾಗದ ಬಂಜೆಗಿಂತ ಕೀಳು; ಅದು ಹೆರುತ್ತದೆ, ಆದರೆ ಹೆರುವುದೆಲ್ಲ ಹೆಣ. ಅದನ್ನು ತುಂಬುವ ಪಂಡಿತ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಈಗ ಮತ್ತೆ ಮಗಳ ನಮೂನೆಗೆ ಬರುತ್ತೇನೆ. ತಲೆಬರಹವನ್ನು ಎರಡು ಸಲ, ಅಭ್ಯಾಸಬಲದಿಂದ ಬಾಯಿಬಿಟ್ಟೇ ಓದಿದೆ. ಶಾರದೆ ಅಡಿಗೆಮನೆಯಿಂದ, “ಅಪ್ಪ, ಯಾರ ಜೊತೆ ಮಾತಾಡ್ತಾ ಇದ್ದೀರಿ?” ಎಂದಳು. ಒಂದು ಕಾಲಕ್ಕೆ ಇನ್ನೂರು ಅಪ್ಪಂದಿರಿಗೆ ನೋಟೀಸು ಕೊಟ್ಟವನು ಇವತ್ತು ತಾನೇ ಅಪ್ಪನ ಖಾನೆಯೊಳಗೆ ಕೂರಬೇಕಾಗಿದೆ. ಬಿ.ಎ.ಯನ್ನು ಬಿಟ್ಟುಬಿಟ್ಟೆ, ಆಗ ಹೆಸರು ಸರಿಯಾಗಿ ಹಿಡಿಯಿತು. ನಮೂನೆಯಲ್ಲಿ ತಾಯಿಗೆ ಖಾನೆಯೇ ಇಲ್ಲ. ಷರಾದ ಚುಕ್ಕಿಗಳ ಮೇಲೆ ಶಾರದೆಯ ತಾಯಿಯ ಹೆಸರನ್ನು ದಪ್ಪಕ್ಷರದಲ್ಲಿ ಬರೆದೆ. ಮಾದರಿಯಲ್ಲಿಲ್ಲವೆಂದು ವಾಪಸು ಬಂದರೂ ಬರಲಿ. ಅಪ್ಪನ ಖಾನೆಯಲ್ಲಿದ್ದರೂ ನಾನಿನ್ನೂ ಬದುಕಿದ್ದೇನೆ, ಖುದ್ದಾಗಿ ಹಾಜರಾಗುತ್ತೇನೆ.