ಮೇಣ ಹಚ್ಚಿದ ಗುಡಾರ

ಗುಡಾರದ ಬಟ್ಟೆ ಹಸಿರು. ಅಥವಾ ಅದು ಹಸಿರು ಬಣ್ಣದ್ದು ಅಲ್ಲವೇ ಅಲ್ಲ, ಖಾಕಿಯದು. ಮದ್ದೂರಿನ ಆ ಟಾರ್ಪಾಲು ಅಂಗಡಿಯಲ್ಲಿ ಹೊಲಿಗೆಯ ಮೇಸ್ತ್ರಿ ನನ್ನ ಮುಂದೆ ಬಿಚ್ಚಿ ಹಾಸಿದ ಬಟ್ಟೆ ನೆನಪಿನಲ್ಲಿ ಪ್ರತಿ ಸಲವೂ ಹಸಿರಾಗಿಯೇ ಬರುತ್ತದೆ. ಆದರೆ ನನ್ನ ಬಳಿ ಉಳಿದಿರುವ ಅಂಗೈಯಗಲದ ತುಂಡು ಖಾಕಿ, ಒಂದು ಅಂಚು ಸುಟ್ಟಿದೆ. ಬಣ್ಣದಲ್ಲೇ ಹೀಗೆ ತಪ್ಪುವ ತಲೆ, ಆ ಹೊತ್ತು ಅಲ್ಲಿ ಯಾರು ಏನು ಕೇಳಿದರು, ನಾನು ಏನು ಉತ್ತರ ಕೊಟ್ಟೆ ಎನ್ನುವುದನ್ನು ಸರಿಯಾಗಿ ಇಟ್ಟುಕೊಂಡಿದೆ ಎಂದು ಹೇಗೆ ನಂಬಲಿ?

ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ನನ್ನ ಅಕ್ಕನಿಗೆ ಚಾವಣಿಯ ಕೆಳಗೆ ನಿದ್ದೆ ಬರುತ್ತಿರಲಿಲ್ಲ. ಮಂಡ್ಯದ ಒಂದು ಕಟ್ಟಡದ ಲಿಫ್ಟಿನಲ್ಲಿ ಕರೆಂಟು ಹೋಗಿ ಒಬ್ಬಳೇ ಸಿಕ್ಕಿಹಾಕಿಕೊಂಡಿದ್ದಳು. ಎಷ್ಟು ಹೊತ್ತು ಎಂದು ಅವಳೂ ಒಂದೊಂದು ಸಲ ಒಂದೊಂದು ಹೇಳುತ್ತಾಳೆ. ಅಂದಿನಿಂದ ಕೋಣೆಯಲ್ಲಿ ಮಲಗಿದರೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಬಯಲಲ್ಲಿ ಮಲಗಿ ನೋಡಿದಳು, ಅದೂ ಆಗಲಿಲ್ಲ. ಆಕಾಶ ಜಾಸ್ತಿಯಾಯಿತು ಅಂದಳು. ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಸೂಜಿ ಹಿಡಿಯುವ ಕೈ ನಡುಗತೊಡಗಿತ್ತು. ಒಂದು ದಿನ ಒಬ್ಬ ಮುದುಕರ ತೋಳಿಗೆ ಮೂರು ಸಲ ಚುಚ್ಚಿ, ನಾಲ್ಕನೆಯ ಸಲಕ್ಕೆ ಸೂಜಿ ಕೆಳಗಿಟ್ಟು ಹೊರಗೆ ಬಂದು ಕೂತಳಂತೆ. ರಜೆ ಹಾಕಿದಳು. ರಜೆ ಮುಗಿಯುವುದರೊಳಗೆ ನಿದ್ದೆ ಬರಬೇಕಿತ್ತು.

ಆಗಲೇ ಅವಳು ಫೋನಿನಲ್ಲಿ ಅದನ್ನು ನೋಡಿದ್ದು. ಕಂಬಗಳನ್ನು ಮೇಲೆ ಒಟ್ಟಿಗೆ ಕಟ್ಟಿ, ಸುತ್ತ ಕ್ಯಾನ್ವಾಸು ಸುತ್ತಿದ ಚೂಪು ಗುಡಾರ.

"ಟೀಪಿ ಅಂತಾರೆ ಕಣ್ಲಾ. ಸುತ್ತ ಗೋಡೆ ಇದ್ದಂಗೂ ಅದೆ, ಮೇಲೆ ತೂತೂ ಅದೆ. ನಡುವೆ ಬೆಂಕಿ ಹಾಕ್ಕಂಡು ಮಲ್ಗಿದ್ರೆ ಹೊಗೆ ಸೀದಾ ಮೇಲಕ್ಕೋಯ್ತದೆ. ಬಾಗ್ಲು ಮುಚ್ಚಿದ್ರೂ ಮುಚ್ಚಿದಂಗಲ್ಲ."

ಬಾಕಿಯದೆಲ್ಲ ಬಿಟ್ಟು ನನ್ನ ಕಿವಿ ಬೆಂಕಿ ಎಂಬಲ್ಲಿಯೇ ನಿಂತಿತು ಎಂದು ಈಗ ಅನ್ನಿಸುತ್ತದೆ. ಇದೂ ಈಗ ಅನ್ನಿಸುವುದು. ಆಗ ನನಗೆ ಎಲ್ಲದರ ಭಯವೂ ಇತ್ತು. ಮಳವಳ್ಳಿಯಿಂದಾಚೆಗೆ ನಮ್ಮದು ಅರ್ಧ ಎಕರೆ, ಒಂದು ಪಂಪ್‌ಸೆಟ್ಟಿನ ಮನೆ, ಮೂರು ಕಡೆ ಬೇರೆಯವರ ಕಬ್ಬು. ಕಬ್ಬಿನೊಳಗೆ ಚಿರತೆ ಮರಿ ಹಾಕಿದೆ ಎಂಬ ಸುದ್ದಿ ವರ್ಷಕ್ಕೊಂದು ಸಲ ಬರುತ್ತದೆ. ಹಾವು ಬರಲು ಸುದ್ದಿ ಬೇಕಾಗಿಲ್ಲ. ಮಳೆ, ಗಾಳಿ ಬೇರೆ. ಅಕ್ಕನಿಗೆ ಒಂದು ಭಯವಿದ್ದರೆ ನನಗೆ ಐದು.

ರೆಡಿಮೇಡ್ ಗುಡಾರಗಳು ನೈಲಾನಿನವು, ತುದಿಯಲ್ಲಿ ತೂತಿಲ್ಲ. ಹಾಗಾಗಿ ಕೈಯಲ್ಲೇ ಹೊಲಿಸಬೇಕು ಎಂದಾಯಿತು. ಮದ್ದೂರಿನಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿಯುವ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದರು. ಅಕ್ಕನನ್ನೂ ಕರೆದುಕೊಂಡು ಹೋದೆ. ಅಂಗಡಿಯೊಳಗೆ ನೆಲದಿಂದ ಸೂರಿನವರೆಗೆ ಬಟ್ಟೆಯ ಹೊರೆಗಳು. ಅಕ್ಕ ಹೊಸಿಲಲ್ಲೇ ನಿಂತು, ಹಿಂದಕ್ಕೆ ತಿರುಗಿ, ರಸ್ತೆಯಾಚೆಯ ಎಳನೀರಿನ ಗಾಡಿಯ ನೆರಳಿಗೆ ಹೋಗಿಬಿಟ್ಟಳು.

"ಅಮ್ಮಾವ್ರು ಒಳಗ್ ಬರಲ್ವಾ ಸಾ?"

"ಅವಳಿಗೆ ಸೆಕೆ."

"ಸೆಕೆಯಾಗೋರ್ಗೆ ಗುಡಾರ ಹೊಲಿಸ್ತೀರಾ? ಚೆನ್ನಾಗದೆ ಬುಡಿ."

ನಾನು ಫೋನಿನ ಚಿತ್ರ ತೋರಿಸಿದೆ. ಮೇಸ್ತ್ರಿ ಕನ್ನಡಕ ಮೇಲಕ್ಕೆ ತಳ್ಳಿ ನೋಡಿ, ಹಳೆ ಪೇಪರೊಂದನ್ನು ಅರ್ಧ ಚಂದ್ರನಂತೆ ಕತ್ತರಿಸಿ, ಸುತ್ತಿ, ತಲೆಕೆಳಗು ಮಾಡಿ ಮೇಜಿನ ಮೇಲೆ ನಿಲ್ಲಿಸಿದರು. "ಕಡ್ಲೆಕಾಯಿ ಪೊಟ್ಲ ಮಗುಚಿ ಮಡಗ್ದಂಗೆ, ಅಷ್ಟೇಯ." ತುದಿ ಹರಿದರು. "ಈ ಕಿಂಡಿ ಯಾಕೆ?"

"ಗಾಳಿಗೆ" ಅಂದೆ. ಇದು ನೆನಪಿದೆ. ಸುಳ್ಳಲ್ಲ.

ಆಮೇಲೆ ಎರಡು ಬಟ್ಟೆ ಹಾಸಿದರು. ಒಂದು ಬಿಳಿ ಹತ್ತಿ ಕ್ಯಾನ್ವಾಸು, ಏನೂ ಸವರದ್ದು. ಇನ್ನೊಂದು ಖಾಕಿ.

"ಬಿಳಿದು ಮೊದ್ಲ ಮಳೆಗೆ ಸೋರ್ತದೆ ಸಾ. ಒಂದೆರಡ್ ಸಲ ನೆಂದು ಒಣಗಿದ್ರೆ ನೂಲು ಉಬ್ಕಂಡು ತಾನೇ ಬಿಗಿ ಆಯ್ತದೆ."

"ಆಗದಿದ್ದರೆ?"

"ಆಯ್ತದೆ."

"ಅಕಸ್ಮಾತ್ ಆಗದಿದ್ದರೆ?"

ಮೇಸ್ತ್ರಿ ನಕ್ಕರು. "ಇಷ್ಟೊಂದ್ ಎದ್ರುಕಳೋರು ಖಾಕಿ ತಗಳಿ. ಲಾರಿಗೆ ಹೊಡ್ಯಂಗೆ ಮೇಣ ಹೊಡ್ದು ಕೊಡ್ತೀನಿ. ಈರುಳ್ಳಿ ಲೋಡು ಡೆಲ್ಲಿಗಂಟ ಹೋದ್ರೂ ಒಂದು ತೊಟ್ಟು ಒಳಕ್ ಇಳ್ಯಲ್ಲ."

ಖಾಕಿಯನ್ನೇ ಆರಿಸಿದೆ. ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ, ಒಂದು ನನ್ನದು, ಒಂದು ಅಕ್ಕನದು.

ನನ್ನದರಲ್ಲಿ ಮೇಸ್ತ್ರಿ ಬಾಗಿಲು ಯಾವ ಕಡೆ ಎಂದು ಕೇಳುತ್ತಾರೆ, ಮೂಡಲಿಗೆ ಎನ್ನುತ್ತೇನೆ, ಹೊರಗೆ ಬರುತ್ತೇನೆ. ಅಷ್ಟೆ. ಅಕ್ಕನದರಲ್ಲಿ ಮಾತು ಕೇಳಿಸುವುದಿಲ್ಲ, ಅವಳು ರಸ್ತೆಯಾಚೆ ಇದ್ದಳು. ಮೇಸ್ತ್ರಿ ಆ ಪೇಪರಿನ ಗುಡಾರದ ಒಳಕ್ಕೆ, ನಟ್ಟನಡುವಿಗೆ ಬೆರಳು ಮಾಡಿ ಏನೋ ಕೇಳಿದರಂತೆ. ನಾನು ತಲೆ ಆಡಿಸಿದೆನಂತೆ. "ಬೇಗ್ ಬೇಗ ಆಡ್ಸಿದೆ ಕಣ್ಲಾ. ಸೂಜಿ ಕಂಡ ಮಕ್ಳು ಬೇಡ ಬೇಡ ಅಂತವಲ್ಲ, ಅಂಗೆ."

ಆ ಬೆರಳು ನನಗೆ ಕಾಣುವುದಿಲ್ಲ. ಎಷ್ಟು ಸಲ ಆ ಅಂಗಡಿಗೆ ಮನಸ್ಸಿನಲ್ಲಿ ಹೋದರೂ ಮೇಸ್ತ್ರಿಯ ಕೈ ಮೇಜಿನ ಅಂಚಿನ ಮೇಲೇ ಇರುತ್ತದೆ. ಇತ್ತೀಚೆಗೆ ಒಂದೊಂದು ಸಲ ಸ್ವಲ್ಪ ಏಳುತ್ತದೆ. ಅದು ಅಕ್ಕ ಹೇಳಿದ ಮೇಲೆ.

ಕಂಬಗಳನ್ನು ಮಳವಳ್ಳಿಯಲ್ಲಿ ಆರಿಸಿದೆವು. ಸರ್ವೆ ಮರದವು, ಹನ್ನೆರಡು. ನೇರವಾಗಿರುವವನ್ನು ಅಕ್ಕ ನೆಲದ ಮೇಲೆ ಉರುಳಿಸಿ ನೋಡಿ ಎತ್ತಿಟ್ಟಳು, ಕುಂಟುತ್ತ ಉರುಳುವವನ್ನು ಬಿಟ್ಟಳು. ತೊಗಟೆ ಬಿಡಿಸುವುದು ನನ್ನ ಪಾಲಿಗೆ ಬಂತು. ಕಿಂಡಿಯಿಂದ ಇಳಿಯುವ ಮಳೆನೀರು ಕಂಬದ ಮೇಲೇ ಜಾರಿ ನೆಲ ಮುಟ್ಟಬೇಕಾದರೆ ಕಂಬ ನುಣ್ಣಗಿರಬೇಕು. ಒಂದು ಗಂಟು ಉಳಿದರೂ ಅಲ್ಲಿಂದ ಹನಿ ಮಲಗಿದವರ ಮೇಲೆ ಬೀಳುತ್ತದೆ. ಎರಡು ದಿನ ಉಜ್ಜಿದೆ. ತೆಂಗಿನ ನಾರಿನ ಹಗ್ಗ, ಜಾಲಿಯ ಗೂಟ. ಅಕ್ಕ ತನಗೆಂದು ಮೂರೇ ಕೊಂಡಳು: ಚಾಪೆ, ಕಂಬಳಿ, ಮಣ್ಣಿನ ಅಗ್ಗಿಷ್ಟಿಕೆ.

"ಅದ್ಯಾಕೆ?" ಅಂದೆ.

"ಬೆಂಕಿಗೆ. ಇನ್ಯಾಕೆ, ತಲೆ ಮೇಲೆ ಮಡಿಕಳಕ್ಕಾ?"

"ಮೊದಲ ವಾರ ಬೇಡ ಅಕ್ಕ. ನೋಡೋಣ."

"ಆಯ್ತು ಬುಡು, ನಿನ್ ಜೀವ ನಡುಗ್ತದೆ."

ನಾನು ಕೊಂಡದ್ದು: ಮರಳಿಗೆ ಎರಡು ಬಕೆಟ್ಟು, ನೀರಿನ ಡ್ರಮ್ಮು, ಟಾರ್ಚು, ಬಟ್ಟೆ ಸೀಳಲು ಒಂದು ಚೂರಿ, ಕುತ್ತಿಗೆಗೆ ಹಾಕಿಕೊಳ್ಳಲು ಪೀಪಿ. ಹಾವಿಗೆ ಬೆಳ್ಳುಳ್ಳಿ ಜಜ್ಜಿ ಸುತ್ತ ಹಾಕಿದೆ. ಅಕ್ಕ ನೋಡಿ, "ಒಗ್ಗರಣೆ ಒಂದ್ ಬಾಕಿ" ಅಂದಳು.

ತೋಟದಲ್ಲಿ ಗುಡಾರ ಎದ್ದಿತು. ಮೇಣದ ವಾಸನೆಗೆ ಎರಡು ದಿನ ಬಾಗಿಲು ತೆರೆದಿಟ್ಟೆವು. ಸೀಮೆಎಣ್ಣೆ ಬೆರೆಸಿದ್ದರೋ ಡೀಸೆಲ್ಲೋ, ಈಗ ನೆನೆದರೆ ಮೂಗಿಗೆ ಎರಡೂ ಬರುತ್ತವೆ. ಅಕ್ಕ ಒಳಗೆ ಮಲಗಿದಳು. ನಾನು ಪಂಪ್‌ಸೆಟ್ಟಿನ ಮನೆಯ ಜಗಲಿಯಲ್ಲಿ. ಮೊದಲ ದಿನ ಬೆಳಿಗ್ಗೆ ಏಳು ಗಂಟೆಯಾದರೂ ಅವಳು ಏಳಲಿಲ್ಲ. ಸತ್ತಿದ್ದಾಳೆ ಎಂದುಕೊಂಡು ಬಾಗಿಲ ಬಟ್ಟೆ ಎತ್ತಿ ನೋಡಿದೆ. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಮೂರನೆಯ ಬೆಳಿಗ್ಗೆ ಎರಡು ಲೋಟಗಳಿಗೆ ಟೀ ಸುರಿದಳು, ಒಂದು ಹನಿಯೂ ಆಚೆ ಬೀಳಲಿಲ್ಲ. ಇಬ್ಬರೂ ಆ ಕೈ ನೋಡಿದೆವು.

ನಾಲ್ಕನೆಯ ಬೆಳಿಗ್ಗೆ. ಬೆಳಕು ಹರಿದಿತ್ತು, ಮಂಜು ಕಬ್ಬಿನ ಮೇಲೇ ಇತ್ತು, ವಿಪರೀತ ಚಳಿ. ನಮ್ಮ ಪಕ್ಕದ ಕಾಲುವೆಯಾಚೆ ಒಂದು ಆಲೆಮನೆ ಇದೆ. ಅಲ್ಲಿ ಬೆಲ್ಲದ ಒಲೆಗೆ ಉರಿ ಹಾಕುವ ಮುದುಕರು ಬದುವಿನ ಮೇಲೆ ನಡೆದು ಬರುತ್ತಿದ್ದರು. ಅವರು ಥಟ್ಟನೆ ನಿಂತು ಮೂಗೆತ್ತಿದ್ದು ನನಗೆ ಕಾಣಿಸಿತು. ಆಮೇಲೆ ನಾನೂ ಆ ಕಡೆ ನೋಡಿದೆ. ಗುಡಾರದ ಕಿಂಡಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಅನ್ನಿಸಿದ್ದು ನಿಜ, ಅದಕ್ಕೆ ನಾಚಿಕೆಯೂ ಇದೆ.

ಅಕ್ಕನಿಗೆ ಚಳಿ ತಡೆಯಲಾಗಿರಲಿಲ್ಲ. ಅಗ್ಗಿಷ್ಟಿಕೆಗೆ ಎರಡು ಕಟ್ಟಿಗೆ ಇಟ್ಟು, ಹಚ್ಚುವುದಕ್ಕೆ ಕೈಗೆ ಸಿಕ್ಕಿದ ಕಬ್ಬಿನ ತರಗನ್ನೇ ತುಂಬಿದ್ದಳು. ನಮ್ಮ ಕಡೆ ಏನು ಹಚ್ಚಬೇಕಾದರೂ ತರಗೇ. ಬಿಸಿನೀರಿನ ಒಲೆಗೂ ಅದೇ. ಒಣಗಿದ ಗರಿ ಹತ್ತಿಕೊಂಡರೆ ಹಗುರಾಗುತ್ತದೆ, ಉರಿಯುತ್ತಲೇ ಮೇಲೇಳುತ್ತದೆ. ಬಯಲಲ್ಲಿ ಅದು ಎಲ್ಲಿಗೋ ಹಾರಿ ಹೋಗುತ್ತದೆ. ಇಲ್ಲಿ ಕಿಂಡಿಯ ಕಡೆಗೆ ಏರಿ, ಕಂಬಗಳು ಸೇರುವ ಕಡೆ ಮೇಣದ ಬಟ್ಟೆಗೆ ಅಂಟಿಕೊಂಡಿತು.

ಬೆಂಕಿ ಸದ್ದು ಮಾಡಲಿಲ್ಲ. ಕಿಂಡಿಯ ಸುತ್ತ ಬಳೆಯ ಹಾಗೆ ಹರಿಯಿತು, ಅಲ್ಲಿಂದ ಹನಿ ಹನಿಯಾಗಿ ಉರಿಯುತ್ತಲೇ ಒಳಕ್ಕೆ ಬೀಳತೊಡಗಿತು. ಮುದುಕರು ಓಡಿದರು. ನಾನೂ ಓಡಿದೆ. ಬುಡದಲ್ಲಿ ಬಟ್ಟೆ ಎತ್ತಿ ಅಕ್ಕನ ಭುಜ ಹಿಡಿದು ಎಳೆದದ್ದು ನಾನು. ನನ್ನ ಕೈಗೆ ಆ ಭುಜದ ತೂಕ ಇನ್ನೂ ಗೊತ್ತು.

ಅಕ್ಕ ಹೇಳುವುದು ಬೇರೆ. ಗೂಟ ಕಿತ್ತು ಅವಳನ್ನು ಎಳೆದದ್ದು ಮುದುಕರು. ನಾನು ಎರಡು ಬಕೆಟ್ಟುಗಳ ನಡುವೆ ನಿಂತು ಪೀಪಿ ಊದುತ್ತಿದ್ದೆ. ಅವಳು ಮಣ್ಣಿನ ಮೇಲೆ ಕೂತು, ಕೂದಲಲ್ಲಿ ಮೇಣ ಮೆತ್ತಿಕೊಂಡು, ಎಡ ಮಣಿಕಟ್ಟಿನ ಮೇಲೆ ಉಗುರಗಲ ಸುಟ್ಟುಕೊಂಡು ತಲೆಯೆತ್ತಿದಾಗಲೂ ಊದುತ್ತಲೇ ಇದ್ದೆನಂತೆ. ಅವಳೇ ಬಂದು ನನ್ನ ಬಾಯಿಂದ ಅದನ್ನು ತೆಗೆದಳಂತೆ.

"ಒಳಗೆ ಯಾಕೆ ಕೂತಿದ್ದೆ? ಬಾಗಿಲು ಅಲ್ಲೇ ಇತ್ತಲ್ಲ?" ಎಂದು ಕೇಳಿದ್ದಂತೂ ನಾನೇ.

"ಕಿಂಡಿ ನೋಡ್ತಿದ್ದೆ. ಅದೂ ಮುಚ್ಕಂಡಂಗಾಯ್ತು ಕಣ್ಲಾ. ಆಮ್ಯಾಕೆ ಬಾಗ್ಲು ಎಲ್ಲದೆ ಅಂತ್ಲೇ ಗೊತ್ತಾಗ್ನಿಲ್ಲ. ಮತ್ತೆ ಲಿಫ್ಟು."

ಮುದುಕರು ಸುಡದೆ ಉಳಿದಿದ್ದ ಬಟ್ಟೆಯಿಂದ ಒಂದು ತುಂಡು ಸೀಳಿ, ಮೂಸಿ, ಬೀಡಿಯ ಬೆಂಕಿಪೊಟ್ಟಣ ತೆಗೆದು ಅಂಚಿಗೆ ಕಡ್ಡಿ ತಾಗಿಸಿದರು. ಭಗ್ಗೆಂದಿತು. ನೆಲಕ್ಕೆ ಹಾಕಿ ಕಾಲಲ್ಲಿ ಹೊಸಕಿದರು.

"ಒಳಗೆ ಬೆಂಕಿ ಹಾಕೋ ಗುಡಾರಕ್ಕೆ ಯಾರಾದ್ರೂ ಮೇಣ ಹೊಡಿಸ್ತಾರೇನವ್ವ? ನಲವತ್ತೊರ್ಷದಿಂದ ಒಲೆ ಮುಂದೆ ಅವ್ನಿ, ಇಂಥದ್ ನೋಡ್ನಿಲ್ಲ. ದೀಪದ ಬತ್ತಿ ಹೊಸ್ಕಂಡು ಅದ್ರೊಳಗೇ ಮಲ್ಗಿದ್ರಲ್ಲ! ತರಗು ಬೇರೆ. ತರಗು ಹಾರ್ತದೆ ಕಣಮ್ಮ."

ಅಕ್ಕ ಆ ತುಂಡು ನೋಡಿದಳು. ಆಮೇಲೆ ನನ್ನನ್ನು. "ಒಳಗೆ ಬೆಂಕಿ ಹಾಕ್ತೀವಿ ಅಂತ ಆ ಮೇಸ್ತ್ರಿಗೆ ಹೇಳ್ನಿಲ್ವಾ ನೀನು?"

"ಅವರು ಕೇಳಲಿಲ್ಲ."

"ಕೇಳಿದ್ರು. ನೀನು ತಲೆ ಆಡ್ಸಿದ್ದು ನಾನು ಕಂಡೆ."

ಆ ತಲೆಯಾಟದ ಮಾತು ನಾನು ಮೊದಲು ಕೇಳಿದ್ದು ಅಲ್ಲಿ, ಆ ಬೆಳಿಗ್ಗೆ. ಲಾರಿಗೆ ಹೊಲಿಯುವವರಿಗೆ ಒಳಗೆ ಬೆಂಕಿ ಎಂಬ ಯೋಚನೆಯೇ ಬರುವುದಿಲ್ಲ, ಈರುಳ್ಳಿ ಚಳಿ ಕಾಯಿಸಿಕೊಳ್ಳುವುದಿಲ್ಲ ಎಂದು ವಾದಿಸಿದೆ. ವಾದ ಸರಿಯಾಗಿಯೇ ಇತ್ತು. ಆದರೆ ಒಂದು ವಿಷಯ ಮುಚ್ಚಿಡಲಾರೆ. ಆ ಗುಡಾರದಲ್ಲಿ ಬೆಂಕಿ ಹಾಕಲು ಬಿಡುವುದಿಲ್ಲ ಎಂದು ಮೊದಲ ದಿನವೇ ಮನಸ್ಸಿನಲ್ಲಿ ತೀರ್ಮಾನಿಸಿದ್ದೆ. ಅಕ್ಕನಿಗೆ ಹೇಳಿರಲಿಲ್ಲ. ಒಂದು ವಾರ ಅಂದೆ, ವಾರ ಮುಗಿದ ಮೇಲೆ ಇನ್ನೊಂದು ವಾರ ಅನ್ನುತ್ತಿದ್ದೆ. ಹಾಗಿರುವಾಗ ಮೇಸ್ತ್ರಿ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಎನ್ನುವುದು ನನಗೆ ಗೊತ್ತು. ಕೇಳಿದರೋ ಇಲ್ಲವೋ ಎನ್ನುವುದು ಮಾತ್ರ ಗೊತ್ತಿಲ್ಲ.

ಆಮೇಲೆ ಅವಳು ಹದಿನೈದು ದಿನ ಸರಿಯಾಗಿ ಮಲಗಲಿಲ್ಲ. ಕೈ ಮತ್ತೆ ನಡುಗಿತು. ರಜೆ ಮುಗಿಯಲು ಎಂಟೋ ಒಂಬತ್ತೋ ದಿನ ಉಳಿದಿದ್ದಾಗ, ನನಗೆ ಹೇಳದೆ ಬಸ್ಸು ಹತ್ತಿ ಮದ್ದೂರಿಗೆ ಹೋದಳು. ಬಿಳಿ ಬಟ್ಟೆ ಹೊಲಿಸಿಕೊಂಡು ಬಂದಳು. ಅಂದರೆ ಅಂಗಡಿಯ ಒಳಕ್ಕೆ, ಆ ಹೊರೆಗಳ ನಡುವೆ ಹೋಗಿ ನಿಂತಿದ್ದಾಳೆ. ಹೇಗೆ ನಿಂತೆ ಎಂದು ಕೇಳಿದ್ದಕ್ಕೆ, "ಕಾಲ್ ಮೇಲೆ" ಅಂದಳು.

ಹಳೆಯ ಕಂಬಗಳಲ್ಲಿ ಒಂಬತ್ತು ಚೆನ್ನಾಗಿದ್ದವು, ಮೂರು ಹೊಸವನ್ನು ತಂದೆವು. ಹೊಲಿದದ್ದು ಬಿಗಿಯಾಗಲಿ ಎಂದು ಕೊಡಗಟ್ಟಲೆ ನೀರು ಹೊಯ್ದು ಒಣಗಿಸಿದೆವು. ಆದರೂ ಮೊದಲ ಮಳೆಯಲ್ಲಿ ಹಣೆಯ ಮೇಲೆ ಸೋರಿತು, ಎರಡನೆಯದರಲ್ಲಿ ಕಡಿಮೆ, ಮೂರನೆಯದರಲ್ಲಿ ಇಲ್ಲ. ಮುದುಕರು ಹೇಳಿಕೊಟ್ಟಂತೆ ಅಕ್ಕ ಈಗ ತೆಂಗಿನ ಚಿಪ್ಪನ್ನಷ್ಟೇ ಉರಿಸುತ್ತಾಳೆ, ಅದು ಹಾರುವುದಿಲ್ಲ. ಕೆಲಸಕ್ಕೆ ಹೋಗುತ್ತಿದ್ದಾಳೆ. ಮಣಿಕಟ್ಟಿನ ಕಲೆ ಕೈಗವಸಿನೊಳಗೆ ಸೇರಿಕೊಳ್ಳುತ್ತದೆ. ಶನಿವಾರ ಬಂದರೆ ತೋಟಕ್ಕೆ ಹೋಗಿ ಮಲಗುತ್ತಾಳೆ. ನಾನು ಜಗಲಿಯಲ್ಲಿ ಕೂತು ಆ ಕಿಂಡಿಯನ್ನೇ ನೋಡುತ್ತಿರುತ್ತೇನೆ. ಹೊಗೆ ಬಂದರೆ ಭಯ, ನಿಂತರೆ ಇನ್ನೂ ಭಯ. ಪೀಪಿಯನ್ನು ಅವಳು ಎಲ್ಲಿ ಬಿಸಾಕಿದಳೋ ಸಿಗಲಿಲ್ಲ.

ಬಿಳಿ ಬಟ್ಟೆ ಹೊಲಿಸಲು ಹೋದ ದಿನ ಅಂಗಡಿಯಲ್ಲಿ ಅವಳು ಮೇಸ್ತ್ರಿಯನ್ನು ಕೇಳಿರಬೇಕು. ಕೇಳದೆ ಬರುವವಳಲ್ಲ. ಆದರೆ ನನಗೆ ಏನೂ ಹೇಳಿಲ್ಲ, ಹಳೆಯ ಮಾತನ್ನು ಮತ್ತೆ ಎತ್ತಿಯೂ ಇಲ್ಲ. ಮೇಸ್ತ್ರಿ ತಾವು ಕೇಳಲೇ ಇಲ್ಲ ಅಂದಿದ್ದರೆ, ತಪ್ಪು ನಿನ್ನದಲ್ಲ ಎಂದು ಅವಳು ಹೇಳಿಯೇ ಬಿಡುತ್ತಿದ್ದಳು ಅನ್ನಿಸುತ್ತದೆ. ಕೇಳಿದ್ದು ನಿಜ ಅಂದಿದ್ದರೂ ಹೇಳುತ್ತಿದ್ದಳು. ಮಳವಳ್ಳಿಗೆ ಹೋಗುವಾಗ ಬಸ್ಸು ಮದ್ದೂರಿನಲ್ಲಿ ಆ ಅಂಗಡಿಯ ಮುಂದೆಯೇ ನಿಧಾನವಾಗುತ್ತದೆ. ಮೇಸ್ತ್ರಿ ಮಿಶಿನ್ನಿನ ಮುಂದೆ ಬಗ್ಗಿ ಕೂತಿರುತ್ತಾರೆ. ಇಳಿದು ಕೇಳಿದರೆ ಒಂದು ನಿಮಿಷದ ಕೆಲಸ. ನಾನು ಇಳಿದಿಲ್ಲ. ಮೊದಲ ಸಲ ಹೋದಾಗ ಅವರು ಬೆಂಕಿಯ ಮಾತು ಕೇಳಿದರೋ ಇಲ್ಲವೋ, ನಾನು ತಲೆ ಆಡಿಸಿದ್ದು ಯಾವುದಕ್ಕೋ, ನನಗೆ ಗೊತ್ತಿಲ್ಲ.