ದುರುಗಪ್ಪನ ಫೋನಿಗೆ ಹೋದ ನೋಟಿಸು

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಕುಷ್ಟಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಭಾಗ್ಯನಗರದಲ್ಲಿ ಮನೆ, ದಿನಾ ಬಸ್ಸಿನಲ್ಲಿ ಓಡಾಟ. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರನ್ನೂ ಬದಲಿಸಿದ್ದೇನೆ. ಮರ್ಯಾದೆ ಹೋಗಬೇಕಾದದ್ದು ನನ್ನದು, ಅವರದಲ್ಲ.

ಅಲ್ಲಿಗೆ ಹೋದ ಹೊಸದರಲ್ಲಿ ಎರಡು ಸಂಗತಿ ನನ್ನ ಮೈ ಉರಿಸಿದವು. ಸಭೆಯಲ್ಲಿ ಸದಸ್ಯೆಯರ ಕುರ್ಚಿಗಳಲ್ಲಿ ಅವರ ಗಂಡಂದಿರು ಕೂತು ಚಹಾ ಕುಡಿಯುತ್ತಿದ್ದರು. ಇತ್ತ ಸಭೆಯ ನೋಟಿಸು ಹಿಡಿದು ಮನೆಮನೆಗೆ ಹೋಗಿ ಸಹಿ ತರುವುದರಲ್ಲೇ ಜವಾನನ ದಿನ ಮುಗಿಯುತ್ತಿತ್ತು. ಎರಡಕ್ಕೂ ಒಂದೇ ವಾರದಲ್ಲಿ ಮದ್ದು ಅರೆದೆ. ಗಂಡಂದಿರನ್ನು ಎಬ್ಬಿಸಿ ಹೊರಗೆ ಕಳಿಸಿದೆ. ನೋಟಿಸನ್ನು ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಕಳಿಸತೊಡಗಿದೆ.

ಇದಕ್ಕೆ ಕಾನೂನಿನ ಬಲವೂ ಇತ್ತು. ಯಾವುದೇ ಮಾಹಿತಿ ಬರಹದಲ್ಲಿರಬೇಕು ಎಂದು ಕಾನೂನು ಹೇಳಿದರೆ, ಅದು ಎಲೆಕ್ಟ್ರಾನಿಕ್ ರೂಪದಲ್ಲಿದ್ದರೂ ನಡೆಯುತ್ತದೆ. ಆದರೆ ಬೇಕಾದಾಗ ಮತ್ತೆ ತೆರೆದು ನೋಡಲು ಸಿಗುವಂತಿರಬೇಕು. ಮೊದಲರ್ಧವನ್ನು ನಾನು ಬಾಯಿಪಾಠ ಮಾಡಿದ್ದೆ. ಫೋನಿನಲ್ಲಿ ಎರಡು ನೀಲಿ ಗೀಟು ಬಿದ್ದರೆ ಮುಗಿಯಿತು, ನೋಟಿಸು ಮುಟ್ಟಿದೆ ಎಂದು ಬರೆದುಕೊಳ್ಳುತ್ತಿದ್ದೆ.

ಹುಲಿಗೆವ್ವ ಎಂಬ ಸದಸ್ಯೆ ಮಾತ್ರ ಸಭೆಗೆ ಬರುವುದೇ ಇಲ್ಲ. ಸತತವಾಗಿ ಗೈರಾದರೆ ಸದಸ್ಯತ್ವ ಹೋಗುತ್ತದೆ. ಕಾರಣ ಕೇಳಿ ಮತ್ತೊಂದು ನೋಟಿಸು ಕಳಿಸಿದೆ, ಅದೂ ವಾಟ್ಸಾಪಿನಲ್ಲೇ. ಗೀಟು ನೀಲಿಯಾದವು, ಉತ್ತರ ಬರಲಿಲ್ಲ. ನನಗೆ ಸಿಟ್ಟು ಬಂತು. "ಇವರಿಗೆ ಕುರ್ಚಿ ಕೊಟ್ಟರೂ ಕೂಡಾಕ ಬರಂಗಿಲ್ಲ" ಎಂದು ತಾಲ್ಲೂಕಿನ ಮೀಟಿಂಗಿನಲ್ಲಿ ಎಲ್ಲರೆದುರು ಅಂದುಬಿಟ್ಟೆ. ಹೆಣ್ಣಾಗಿ ನಾನೇ ಅಂದೆ! ಆಕೆಯ ಸದಸ್ಯತ್ವ ರದ್ದುಪಡಿಸಬಹುದೆಂದು ವರದಿಯನ್ನೂ ಕಳಿಸಿದೆ.

ಸುದ್ದಿ ಊರಲ್ಲಿ ಹಬ್ಬಿತು. ಮರುದಿನ ಹುಲಿಗೆವ್ವ ಹೊಲದಿಂದ ನೇರ ಆಫೀಸಿಗೆ ಬಂದಳು. ಸೆರಗಿಗೆ ಕಳೆಯ ಮುಳ್ಳು ಹತ್ತಿದ್ದವು.

"ಮೇಡಮ್ಮರ, ನನ್ನ ಮೆಂಬರ್‌ಗಿರಿ ತಗಿಯಾಕತ್ತೀರಂತ, ಖರೇನ್ರಿ?"

"ನೋಟಿಸು ಎಷ್ಟು ಸಲ ಕಳಿಸೀನಿ? ನೀವು ನೋಡೀರಿ. ಇಲ್ಲೈತಿ ನೋಡ್ರಿ" ಎಂದು ಫೋನನ್ನು ಆಕೆಯ ಮುಂದೆ ಹಿಡಿದೆ.

ಆಕೆ ಬಗ್ಗಿ ನೋಡಿದಳು. ಹೆಸರು 'ಹುಲಿಗೆವ್ವ ಸದಸ್ಯರು' ಎಂದಿತ್ತು. ಪಕ್ಕದ ಪುಟ್ಟ ಫೋಟೋದಲ್ಲಿ ಕಪ್ಪು ಕನ್ನಡಕ ಹಾಕಿ ಬೈಕಿನ ಮೇಲೆ ಕೂತವನು ಆಕೆಯ ಗಂಡ ದುರುಗಪ್ಪ.

"ಇವರು ನಮ್ಮ ಮನಿಯವ್ರಲ್ಲೇನ್ರಿ? ನನ್ನ ಕಡೆ ಫೋನೇ ಇಲ್ರಿ. ನಮ್ಮ ಮನಿ ಇಲ್ಲಿಂದ ಒದರಿದ್ರ ಕೇಳತೈತಿ. ಒಂದ್ ಸಲ ಒದರಿದ್ರ ಬರತಿದ್ದಿಲ್ಲೇನ್ರಿ ನಾ? ನಳ ಹಾಕಸ್ತೀನಂತ ಓಣ್ಯಾಗ ಮಾತು ಕೊಟ್ಟೀನಿ. ಈಗ ಅವರಿಗೆ ಹೆಂಗ ಮಾರಿ ತೋರಸ್ಲಿ?"

ಆ ಫೋಟೋವನ್ನು ನಾನು ಪ್ರತಿ ಸಲ ನೋಡಿದ್ದೆ. ನೋಡಿಯೇ ಕಳಿಸಿದ್ದೆ. ನಾಮಪತ್ರ ಹಾಕುವಾಗ ಫೋನ್ ನಂಬರಿನ ಜಾಗದಲ್ಲಿ ಗಂಡನ ನಂಬರು ಬರೆಸುವುದು ನಮ್ಮ ಕಡೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ನನ್ನ ಮನೆಯ ಗ್ಯಾಸ್ ಬುಕ್ಕಿಂಗ್ ಕೂಡ ನನ್ನ ಗಂಡನ ನಂಬರಿನಲ್ಲೇ ಇದೆ. ನಾಚಿಕೆಯಾಯಿತು.

ಆದರೂ ತಪ್ಪನ್ನು ಬೇರೆಯವರ ಮೇಲೆ ಹೊರಿಸುವ ಆಸೆ ಬಿಡಲಿಲ್ಲ. ದುರುಗಪ್ಪನನ್ನು ಕರೆಸಿ, ಹೆಂಡತಿಗೆ ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ಸಭಾದಾಗಿಂದ ನನ್ನ ಎಬ್ಬಿಸಿ ಕಳಿಸಿದವರು ನೀವ. ಮತ್ತ ಆಕಿ ನೋಟಿಸು ನನಗ್ಯಾಕ ಕಳಿಸ್ತೀರಿ? ನಾ ಏನ್ ನಿಮ್ಮ ಜವಾನ ಏನ್ರಿ?" ಅಂದ.

ಅವನ ಕಿಡಿಗೇಡಿತನ ಅವನದು. ಆದರೆ ಆ ಬಾಗಿಲು ತೆರೆದುಕೊಟ್ಟವಳು ನಾನು.

ತಾಲ್ಲೂಕು ಕಚೇರಿಗೆ ಓಡಿದೆ. "ಮುಟ್ಟೈತಿ ಅಂತ ಫೋನ್ ತೋರಸ್ತೈತಿ. ನೀವ್ಯಾಕ ಸುಮ್ನ ಮೈಮ್ಯಾಲ ಹಾಕ್ಕೋತೀರಿ?" ಎಂದು ಮೇಲಧಿಕಾರಿ ಬುದ್ಧಿ ಹೇಳಿದರು. ಆದರೂ ಬರೆದುಕೊಟ್ಟೆ: ನೋಟಿಸು ಸದಸ್ಯೆಗೆ ಮುಟ್ಟಿಲ್ಲ, ತಪ್ಪು ನನ್ನದು. ಹುಲಿಗೆವ್ವನ ಸದಸ್ಯತ್ವ ಉಳಿಯಿತು. ನನಗೆ ಕಾರಣ ಕೇಳಿ ನೋಟಿಸು ಬಂತು. ಕಾಗದದಲ್ಲಿ, ಮುದ್ದಾಮಾಗಿ ನನ್ನ ಕೈಗೇ, ಸಹಿ ಹಾಕಿಸಿಕೊಂಡು.

ಕಳಿಸಿದೆ ಎನ್ನುವುದು ಅಧಿಕಾರಿಯ ಮಾತು. ಮುಟ್ಟಿತು ಎನ್ನಬೇಕಾದವರು ಪಡೆದವರು. ಆಕೆಯ ಪರವಾಗಿ ಆ ಮಾತನ್ನು ನಾನೇ ಆಡಿಬಿಟ್ಟಿದ್ದೆ. ನೌಕರಿ ಕಲಿಸಿದ್ದು ಇದು, ಮೈಗೆ ಹತ್ತಲು ಇನ್ನೂ ಸಮಯ ಬೇಕಿತ್ತು.

ಮುಂದಿನ ಸಭೆಯ ನೋಟಿಸನ್ನು ನಾನೇ ಒಯ್ದೆ. ದುರುಗಪ್ಪ ಕಟ್ಟೆಯ ಮೇಲೆ ಕೂತಿದ್ದ. "ಕೊಡ್ರಿ ಇತ್ತ, ಆಕಿ ರೊಟ್ಟಿ ಬಡಿಯಾಕತ್ಯಾಳ" ಎಂದು ಕೈ ಚಾಚಿದ. ಇಷ್ಟೆಲ್ಲ ಆದ ಮೇಲೂ ನನ್ನ ಕೈ ಕಾಗದದ ಸಮೇತ ತಾನಾಗಿ ಅವನತ್ತ ಹೋಯಿತು. ಅವನ ಬೆರಳು ತಾಗಿದ ಮೇಲೆ ಎಚ್ಚರವಾಗಿ ಹಿಂದಕ್ಕೆಳೆದುಕೊಂಡೆ.

ಒಳಗಿನಿಂದ ಹುಲಿಗೆವ್ವ ಬಾಗಿಲಿಗೆ ಬಂದಳು, ಕೈತುಂಬ ಹಿಟ್ಟು. ನಡೆದದ್ದನ್ನು ನೋಡಿದ್ದಳು.

"ತಡೀರಿ ಮೇಡಮ್ಮರ, ಕೈ ತೊಳಕೊಂಡು ಬರ್ತೀನಿ" ಅಂದಳು.

ಆಕೆ ಬರುವ ತನಕ ನಾನು ಕಾಗದ ಹಿಡಿದು ತಲೆ ತಗ್ಗಿಸಿ ನಿಂತಿದ್ದೆ.